ಥಂಡಿ ಹೇಳುವ ಕಾಕೂ

ಗಂಗವ್ವ ಕೊಲ್ಹಾಪುರದ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಕಾಕೂ ತೀರಿಕೊಂಡ್ರರಿ, ಬಾಯಾರ."

ಗಡಹಿಂಗ್ಲಜದಿಂದ ಮಗಳ ಮನೆಗೆ ಹೊರಟವಳು ನಮಗೆ ತಿಳಿಸಿ ಹೋಗೋಣವೆಂದು ಬಂದಿದ್ದಳು. ಒಳಗೆ ಬಾ ಎಂದೆ. ಚಹಾಕ್ಕೆ ಇಟ್ಟೆ. ಸಕ್ಕರೆ ಹಾಕಿದೆನೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಹಾಕಿದೆ. ಗಂಗವ್ವ ಅದನ್ನೇ ಕುಡಿದಳು. ನನಗೆ ಅಳು ಬರಲಿಲ್ಲ. ಇಂದಿಗೂ ಬಂದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿಡುವುದೊಂದೇ ಈಗ ನನ್ನ ಕೈಯಲ್ಲಿ ಆಗುವ ಕೆಲಸ.

ಗಡಹಿಂಗ್ಲಜದಲ್ಲಿ ಇದ್ದಷ್ಟು ಕಾಲ, ಎಂದರೆ ಸುಮಾರು ಹತ್ತು ವರ್ಷ, ನಾವು ಕಾಕೂ ಅವರ ಮನೆಯಲ್ಲಿ ಬಾಡಿಗೆಗೆ ಇದ್ದೆವು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ, ಹಾಗಾಗಿ ಓಣಿಗೆಲ್ಲ ನಾನು ಬಾಯಾರು. ನಮ್ಮ ಮನೆಯವರು ತಾಲೂಕು ಕಚೇರಿಯಲ್ಲಿದ್ದರು. ಮುಂದಿನ ಎರಡು ಕೋಣೆ ನಮಗೆ, ಹಿಂದಿನ ಪಡಸಾಲೆ ಮತ್ತು ಅಡಿಗೆಮನೆ ಅವರಿಗೆ, ಹಿತ್ತಲು ಇಬ್ಬರಿಗೂ. ಇಬ್ಬರಿಗೂ ಎಂದವರು ಅವರು. ಆದರೆ ಆ ಹಿತ್ತಲು ಯಾರದೆಂದು ಓಣಿಗೆಲ್ಲ ಗೊತ್ತಿತ್ತು. ಕಾಕೂ ಅವರ ಗಂಡ ಬೆಲ್ಲದ ವ್ಯಾಪಾರ ಮಾಡುತ್ತಿದ್ದು ಬೇಗ ತೀರಿಕೊಂಡಿದ್ದರು. ಅಂಗಡಿ ಮೈದುನನ ಕೈಗೆ ಹೋಗಿತ್ತು. ಉಳಿದವಳು ಒಬ್ಬಳೇ ಮಗಳು, ಶಾಂತಾ. ಅವರ ಹೆಸರು ನನಗೆ ಗೊತ್ತು. ಆದರೆ ಆ ಹೆಸರಿನಿಂದ ಯಾರೂ ಅವರನ್ನು ಕರೆದದ್ದನ್ನು ನಾನು ಕೇಳಿಲ್ಲ. ಓಣಿಯ ಕನ್ನಡದವರಿಗೂ ಮರಾಠಿಯವರಿಗೂ ಅವರು ಕಾಕೂ, ಎಂದರೆ ಚಿಕ್ಕಮ್ಮ. ಇಲ್ಲಿಯೂ ಹಾಗೆಯೇ ಇರಲಿ.

ಗಿಡ್ಡ ಆಳು. ತವರುಮನೆ ಇಚಲಕರಂಜಿ. ಅಲ್ಲಿಯ ಮಗ್ಗದ ಬಿಳಿ ನೂಲಿನ ಸೀರೆಯನ್ನೇ ಉಡುತ್ತಿದ್ದರು, ಸೆರಗು ಯಾವಾಗಲೂ ತಲೆಯ ಮೇಲೆ. ಹಣೆಯಲ್ಲಿ ವಿಭೂತಿ. ಕೊರಳಲ್ಲಿ ಹುಪರಿಯಲ್ಲಿ ಮಾಡಿಸಿದ ಬೆಳ್ಳಿಯ ಕರಡಿಗೆ, ಅದರಲ್ಲಿ ಲಿಂಗ. ಮಾಗಿ ಶುರುವಾದದ್ದು ತಮಗೆ ಮೊದಲು ತಿಳಿಯುವುದು ಆ ಕರಡಿಗೆಯಿಂದ ಎನ್ನುತ್ತಿದ್ದರು. "ಮುಂಜಾನೆ ಎದಿಗೆ ತಣ್ಣಗ ಹತ್ತಿತಂದ್ರ, ಇನ್ನ ಹಿತ್ತಲಾಗ ಕೆಲಸಾ ಮುಗೀತು, ನೋಡೂದು ಶುರೂ ಆತು ಅಂತ ತಿಳಕೋಬೇಕ್ರಿ."

ನೋಡುವುದು ಎಂದರೆ ಬರಿ ನೋಡುವುದೇ. ಉಳಿದ ಕಾಲದಲ್ಲಿ ಅವರ ಕೈ ಗಿಡ ಬಿಟ್ಟು ಇರುತ್ತಿರಲಿಲ್ಲ. ಮಣ್ಣು ಕೆದರುವರು, ಕುಡಿ ಚಿವುಟುವರು, ಬಳ್ಳಿ ಎತ್ತಿ ಕಟ್ಟುವರು. ದೀಪಾವಳಿ ದಾಟಿ ಇಬ್ಬನಿ ಬೀಳತೊಡಗಿತೆಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಿಡುತ್ತಿದ್ದರು. ಬೆಳಿಗ್ಗೆ ಬಿಸಿಲು ಗೋಡೆ ದಾಟುವ ಹೊತ್ತಿಗೆ ಹಾಗೆ ಕೈಕಟ್ಟಿಕೊಂಡು ಒಂದೊಂದೇ ಗಿಡದ ಮುಂದೆ ನಿಲ್ಲುವರು. ಬಂಗಾರದಂಗಡಿಗೆ ಬಂದು, ಕೊಳ್ಳುವುದಕ್ಕಿಲ್ಲ, ಮುಟ್ಟಿದರೆ ಅಂಗಡಿಯವ ಏನಾದರೂ ಅಂದಾನು ಎಂದು ನಿಂತವರ ಹಾಗೆ. ಪೂಜೆಯ ಪತ್ರೆಗೆ, ಎರಡು ಹೂವಿಗೆ ಮಾತ್ರ ಕೈ ಮುಂದೆ ಬರುತ್ತಿತ್ತು. ಕೂಡಲೇ ಹಿಂದೆ ಹೋಗುತ್ತಿತ್ತು.

"ಥಂಡ್ಯಾಗ ಗಿಡಕ್ಕ ಕೈ ಹಚ್ಚಬಾರದ್ರಿ, ಕಣ್ಣ ಹಚ್ಚಬೇಕು," ಎನ್ನುತ್ತಿದ್ದರು.

ಆ ಹಿತ್ತಲಲ್ಲಿ ಏನಿತ್ತೆಂದರೆ, ಬಾವಿಯ ಬದಿಗೆ ಬಾಳೆ, ಗೋಡೆಗೆ ಅವರೆಯ ಬಳ್ಳಿ, ಮಾವಿನ ಮರದ ಮೈಗೆ ವೀಳ್ಯದ ಬಳ್ಳಿ, ಬಚ್ಚಲ ನೀರು ಹೋಗುವಲ್ಲಿ ಕರಿಬೇವು, ನಡುವೆ ತುಳಸಿ, ಬಿಸಿಲು ಚೆನ್ನಾಗಿ ಬೀಳುವ ಕಡೆ ಸೇವಂತಿ, ಮೂಲೆಯಲ್ಲಿ ದುಂಡುಮಲ್ಲಿಗೆ. ಬಿಲ್ವದ ಮರ ಬಾಗಿಲ ಹತ್ತಿರ. ಮಾಗಿಯಲ್ಲಿ ಇವೆಲ್ಲ ಒಂದೇ ಥರ ಇರುವುದಿಲ್ಲ ಎಂಬುದನ್ನು ನಾನು ಅವರ ಬೆನ್ನ ಹಿಂದೆ ನಿಂತು ಕಲಿತೆ. ಸೇವಂತಿಗೆ ಅದು ಹಬ್ಬ. ಅವರೆಗೆ ಇಬ್ಬನಿ ಬೇಕು, ಮೋಡ ಬೇಡ. ಎರಡು ದಿನ ಮೋಡ ಕವಿದರೆ ಕುಡಿಗೆಲ್ಲ ಹೇನು ಹತ್ತುತ್ತದೆ. ವೀಳ್ಯದೆಲೆ ಹಳದಿಗೆ ತಿರುಗಿ ಉದುರುತ್ತದೆ. ತುಳಸಿ ಕುಡಿ ಕಪ್ಪಾಗಿ ಎಲೆ ಸಣ್ಣದಾಗುತ್ತದೆ. ಬಾಳೆಯ ಸುಳಿ ಬಿಚ್ಚದೆ, ಸುತ್ತಿದ ಚಾಪೆಯ ಹಾಗೆ ನಿಂತುಬಿಡುತ್ತದೆ. ಮಲ್ಲಿಗೆಯಂತೂ ಬರಿ ಕಡ್ಡಿ.

ಮೊದಲ ವರ್ಷ ನಾನು ಆ ಮಲ್ಲಿಗೆಯನ್ನು ನೋಡಿ, "ಇದು ಸತ್ತಿತಲ್ರಿ ಕಾಕೂ, ಕಿತ್ತು ಬ್ಯಾರೇದು ಹಚ್ಚೋಣೇನು?" ಎಂದಿದ್ದೆ.

"ಶಿವರಾತ್ರಿ ಆಗಲ್ರಿ, ಬಾಯಾರ," ಎಂದರು. "ಅಲ್ಲೀ ತನಕಾ ಸತ್ತೈತಿ ಅನ್ನೂ ಹಕ್ಕ ನಮಗಿಲ್ಲ."

ಶಿವರಾತ್ರಿಗೆ ಥಂಡಿ ಶಿವ ಶಿವಾ ಎಂದು ಹೋಗುತ್ತದೆ ಎಂದು ನಮ್ಮ ಕಡೆಯ ಮಾತು. ಆ ಹಬ್ಬದ ಮರುದಿನ ಅವರ ಕೈಗಳು ಬೆನ್ನ ಹಿಂದಿನಿಂದ ಹೊರಗೆ ಬರುತ್ತಿದ್ದವು. ಹೆಬ್ಬೆರಳಿನ ಉಗುರಿನಿಂದ ಕಡ್ಡಿಯ ಸಿಪ್ಪೆಯನ್ನು ಒಂದಿಷ್ಟು ಕೆರೆದು, ಒಳಗೆ ಹಸಿರಿದೆಯೋ ಎಂದು ನೋಡಿ, ಒಣಗಿದ್ದನ್ನು ಮಾತ್ರ ಕತ್ತರಿಸಿ ಸವರುತ್ತಿದ್ದರು. ಆ ಮಲ್ಲಿಗೆಯ ಒಳಗೆ ಹಸಿರಿತ್ತು. ಬೇಸಿಗೆಯಲ್ಲಿ ಅದರ ಹೂವನ್ನು ನಾನೇ ಮುಡಿದೆ.

ಹೀಗೆ ದಿನಾ ನೋಡಿ ನೋಡಿ ಅವರಿಗೆ ಥಂಡಿಯ ಹೆಜ್ಜೆ ತಿಳಿಯುತ್ತಿತ್ತು. ಯಾವಾಗ ಬಂದೀತು, ಎಷ್ಟು ದಿನ ನಿಂತೀತು, ಮುಂದಿನ ವಾರ ಏರುವುದೋ ಇಳಿಯುವುದೋ. ಅದನ್ನು ಹೇಳುತ್ತಿದ್ದರು. ಓಣಿಯ ಜನ ಅದರಂತೆ ನಡೆಯುತ್ತಿದ್ದರು. ಕಾಕೂ ಹೇಳಿದ ಮೇಲೆ ಪೆಟ್ಟಿಗೆಯಿಂದ ಕೌದಿ ತೆಗೆಯುವುದು, ಕಾಕೂ ಹೇಳಿದ ಮೇಲೆ ಎಳೆಗೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಹೆಪ್ಪಿಗೆ ಮಜ್ಜಿಗೆ ಹೆಚ್ಚು ಹಾಕುವುದು. ಹಾಲು ಹಾಕಲು ಬರುತ್ತಿದ್ದ ಗಂಗವ್ವ ದಿನದ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುತ್ತಿದ್ದಳು.

ಎದುರುಮನೆಯ ಶಿಂಪಿಗ ದತ್ತೋಬಾನ ಹತ್ತಿರ ರೇಡಿಯೋ ಇತ್ತು. ಆದರೂ ಥಂಡಿ ಯಾವಾಗ ಎಂದು ಅವನು ಹೊಲಿಗೆಯ ಯಂತ್ರದ ಮುಂದಿನಿಂದಲೇ ಮರಾಠಿಯಲ್ಲಿ ಕೂಗುತ್ತಿದ್ದ: "ಕಾಯ್ ಕಾಕೂ, ಥಂಡೀ ಕೆವ್ಹಾ?"

"ನಿನ್ನ ರೇಡಿಯೋ ಏನ ಅಂತೈತೋ?"

"ಅದು ಪುಣೇದ ಥಂಡಿ ಹೇಳತೈತ್ರಿ. ನಮ್ಮ ಓಣೀ ಥಂಡಿ ನಿಮ್ಮ ಬಾಳಿಗಿಡಕ್ಕs ಗೊತ್ತು."

"ನಮ್ಮ ಬಾಳಿಗಿಡಕ್ಕ ಲೈಸನ್ನೂ ಬೇಕಾಗಿಲ್ಲ ನೋಡಪಾ," ಎಂದು ಕಾಕೂ ನಗುತ್ತಿದ್ದರು. ರೇಡಿಯೋ ಲೈಸನ್ಸು ಕಟ್ಟದೆ ದತ್ತೋಬಾ ಒಮ್ಮೆ ಸಿಕ್ಕಿಬಿದ್ದದ್ದು ಓಣಿಗೆಲ್ಲ ಗೊತ್ತಿತ್ತು.

ಶಾಂತಾಳಿಗೆ ಎಳವೆಯಿಂದ ಉಬ್ಬಸ. ಅವರು ಥಂಡಿಯನ್ನು ಅಷ್ಟು ಕಾಯುವುದಕ್ಕೆ ಅದೇ ಮೂಲವಿರಬೇಕೆಂದು ನನಗೆ ಬಹಳ ತಡವಾಗಿ ಹೊಳೆಯಿತು. ಮುಂಜಾನೆಯ ತಣ್ಣನೆ ಗಾಳಿ ಹೊಕ್ಕರೆ ಆ ಹುಡುಗಿ ಮಂಡಿಗೆ ತಲೆ ಕೊಟ್ಟು ಕೂತುಬಿಡುತ್ತಿದ್ದಳು. ತಾಯಿ ಬೆನ್ನು ನೀವುತ್ತ ಕಿಟಕಿಯಾಚೆ ಬಾಳೆಯನ್ನು ನೋಡುತ್ತಿದ್ದರು. ಆಕೆಯನ್ನು ಕೋಯನಾನಗರದಲ್ಲಿ ವಿದ್ಯುತ್ ಕೆಲಸದ ಹುಡುಗನಿಗೆ ಕೊಟ್ಟರು. ಒಳ್ಳೆಯ ಹುಡುಗ. ಅಲ್ಲಿ ಸರಕಾರಿ ವಸತಿಯ ಮನೆ, ಬಾಗಿಲ ಮುಂದೆ ಒಂದಿಷ್ಟು ಜಾಗ. ಶಾಂತಾ ದೀಪಾವಳಿಗೆ ಬಂದಾಗಲೆಲ್ಲ ಇಲ್ಲಿಯ ಕಡ್ಡಿ, ಬೇರು ಒಯ್ಯುವಳು. ಮರುವರ್ಷ ಬಂದು ವರದಿ ಒಪ್ಪಿಸುವಳು. ಅಲ್ಲಿ ಮಂಜು ಹೆಚ್ಚು, ಸೇವಂತಿ ಹತ್ತಿದೆ, ವೀಳ್ಯದೆಲೆ ಹತ್ತಿಲ್ಲ. ತಾಯಿ ಅದನ್ನು ಕೇಳುವುದು ನೋಡಬೇಕು. ಗಿಡದ ಮಾತು ಮುಗಿದ ಮೇಲೆ, "ನಿನ್ನ ಉಸುರು?" ಎನ್ನುವರು.

ಕೋಯನಾದ ಭೂಕಂಪ ಆದ ವರ್ಷದ ದೀಪಾವಳಿಗೂ ಬಂದಿದ್ದಳು. ಆ ಸಲ ಎಳ್ಳಮಾವಾಸ್ಯೆ ಮುಗಿಸಿಕೊಂಡು ಹೋಗುವೆನೆಂದು ಬಂದವಳು. ಹಬ್ಬ ಮುಗಿದು ವಾರವಾಗಿರಬಹುದು. ನಾನು ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದೆ. ಶಾಂತಾ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಾಕೂ ಕೈ ಹಿಂದೆ ಕಟ್ಟಿಕೊಂಡು ಬಾಳೆಯ ಮುಂದೆ ಬಹಳ ಹೊತ್ತು ನಿಂತರು. ತುಳಸಿಯ ಹತ್ತಿರ ಹೋದರು. ಮತ್ತೆ ಬಾಳೆಯ ಹತ್ತಿರ ಬಂದರು.

"ಅವ್ವ ನನ್ನ ಮಾರಿ ನೋಡೂದ ಬಿಟ್ಟು ಬಾಳಿ ಮಾರಿ ನೋಡತಾಳ್ರಿ," ಎಂದು ಶಾಂತಾ ನನಗೆ ಹೇಳಿದಳು.

"ಈ ಸಲ ಥಂಡಿ ಲಗೂ ಬರತೈತಿ," ಎಂದರು ಕಾಕೂ. "ಕಾರ್ತೀಕ ಮುಗಿಯೂದರಾಗ ಬರತೈತಿ. ಭಾಳ ಬರತೈತಿ."

"ಬರಲಿ ಬಿಡವ್ವ. ನಾ ಎಳ್ಳಮಾಸಿ ಮುಗಿಸಿ ಹೋಗತೀನಿ."

"ಎಳ್ಳಮಾಸ್ಯಾಗ ನಿನಗ ಮುಂಜಾನೆ ಬಸ್ಸಿನ್ಯಾಗ ಕುಂದರಾಕ ಆಗೂದಿಲ್ಲ. ಕರಾಡದ ಮುಂದ ಆ ಗುಡ್ಡದ ಹಾದ್ಯಾಗ ದಮ್ಮು ಹತ್ತಿದ್ರ ಯಾರ ನೋಡವರು? ಹೋಗೂದಿದ್ರ ಈಗ ಹೋಗಬೇಕು. ಇಲ್ಲಂದ್ರ ಶಿವರಾತ್ರಿ ತನಕಾ ಇಲ್ಲೇ ಇರಬೇಕು."

"ಹಂಗಾದ್ರ ಶಿವರಾತ್ರಿ ತನಕಾ ಇರತೀನಿ. ನನಗೇನ ತ್ರಾಸ?"

"ನಿನಗ ತ್ರಾಸಿಲ್ಲ. ಅಳಿಯಾರು ಅಲ್ಲಿ ಯಾರ ಕೈಯಾಗಿಂದ ಉಣ್ಣಬೇಕು? ಲಗ್ನಾ ಮಾಡಿಕೊಟ್ಟ ಮಗಳನ್ನ ಥಂಡೀ ನೆವಾ ಹೇಳಿ ಇಟಗೊಂಡಾಳ ಅಂತ ಮಂದಿ ಅಂದ್ರ?"

ಶಾಂತಾ ಒಂದು ಅವರೆಕಾಯಿಯನ್ನು ತಾಯಿಯ ಬೆನ್ನಿಗೆ ಎಸೆದಳು. ಇಬ್ಬರೂ ನಕ್ಕರು. ಆ ವಾರವೇ ಕಾಕೂ ಆಕೆಗೆ ಉಡಿ ತುಂಬಿ ಬಸ್ಸಿಗೆ ಕೂಡಿಸಿದರು. ನಾನೂ ನಿಲ್ದಾಣಕ್ಕೆ ಹೋಗಿದ್ದೆ. ಬಸ್ಸು ಹೊರಟಾಗ ಅವರು ಕಿಟಕಿಯ ಹತ್ತಿರ ನಾಲ್ಕು ಹೆಜ್ಜೆ ಓಡಿ ಹೇಳಿದ ಮಾತು: "ಥಂಡಿ ಹೋಗೂ ತನಕಾ ಬಾಗಲಾ, ಕಿಡಕಿ ಎಲ್ಲಾ ಹಾಕ್ಕೊಂಡ ಒಳಗs ಮಲಗವಾ."

ಅವರು ಹೇಳಿದಂತೆಯೇ ಆಯಿತು. ಕಾರ್ತೀಕ ಮುಗಿಯುವ ಮೊದಲೇ ಥಂಡಿ ಬಂತು. ಹಿರಣ್ಯಕೇಶಿ ಹೊಳೆಯ ಮೇಲಿನಿಂದ ಮಂಜು ಓಣಿಯೊಳಗೆ ಬಂದು ನಿಂತಿತು. ಯಾರ ಮನೆಯಲ್ಲೂ ಮೊಸರು ಹೆಪ್ಪಾಗಲಿಲ್ಲ. ದತ್ತೋಬಾ ಕೈಮುಗಿದ. "ಹೇಳಿದ್ನಿಲ್ಲೋ?" ಎಂದರು ಕಾಕೂ. ಅವರ ಮುಖದ ಮೇಲೆ ಹೆಮ್ಮೆಯಂಥದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಗಳನ್ನು ಸಮಯ ನೋಡಿ ಕಳಿಸಿದೆನೆಂಬ ಸಮಾಧಾನ ಅದು.

ಭೂಮಿ ನಡುಗಿದ್ದು ಡಿಸೆಂಬರದಲ್ಲಿ, ಬೆಳಕು ಹರಿಯುವ ಮೊದಲು. ನಮ್ಮ ಊರಲ್ಲಿ ಗೋಡೆಗಳು ಬಿರಿದವು, ಹೆಂಚುಗಳು ಜಾರಿದವು, ಅಡಿಗೆಮನೆಯ ಪಾತ್ರೆಗಳೆಲ್ಲ ಕೆಳಗೆ ಬಂದವು. ಎಲ್ಲರೂ ಬಯಲಿಗೆ ಓಡಿದೆವು. ಮತ್ತೆ ಮತ್ತೆ ಸಣ್ಣಗೆ ನಡುಗುತ್ತಲೇ ಇತ್ತು. ಹಾಗಾಗಿ ಯಾರೂ ಒಳಗೆ ಮಲಗಲು ಒಲ್ಲರು. ಓಣಿಯಲ್ಲಿ ದೊಡ್ಡ ಹಿತ್ತಲು ಕಾಕೂ ಅವರದೇ. ಬೆಳಕಾಗುವ ಹೊತ್ತಿಗೆ ಮನೆಮನೆಯವರು ಕೌದಿ ಹೊತ್ತು ಅಲ್ಲಿಗೆ ಬಂದರು. ಕಾಕೂ ಒಬ್ಬೊಬ್ಬರಿಗೆ ಜಾಗ ತೋರಿಸಿದರು. "ಕೂಸಿನವರು ಮಾವಿನ ಬುಡಕ್ಕ ಬರ್ರಿ, ಅಲ್ಲಿ ಇಬ್ಬನಿ ಬೀಳೂದಿಲ್ಲ. ದತ್ತೋಬಾ, ಅಲ್ಲಿ ಬ್ಯಾಡೋ, ಸೇವಂತಿ ಐತಿ."

ನಡುಗಿದ್ದು ಎಲ್ಲಿಂದ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ದತ್ತೋಬಾನ ರೇಡಿಯೋ ಕೋಯನಾದ ಹೆಸರು ಹೇಳಿತು. ಅವನು ಅದನ್ನು ಆರಿಸಿದ. ಆದರೆ ಹಿತ್ತಲಲ್ಲಿದ್ದವರೆಲ್ಲ ಕೇಳಿಯಾಗಿತ್ತು. ಕಾಕೂ ಕೂಡ. ಅವರು ಕೂಡಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಮಲಗಿದವರನ್ನು ಬಳಸಿಕೊಂಡು, ಗಿಡದಿಂದ ಗಿಡಕ್ಕೆ ಹೋದರು. ಸುದ್ದಿ ತರಲು ಮೈದುನ ಬಸ್ಸು ಹತ್ತಿ ಹೋದ. ಅವನು ಬರುವವರೆಗೆ ಅವರು ಹಾಗೆಯೇ ಇದ್ದರು. ಯಾರಾದರೂ ಕರೆದರೆ ಓ ಎನ್ನುತ್ತಿದ್ದರು, ಕೊಟ್ಟರೆ ಉಣ್ಣುತ್ತಿದ್ದರು.

ಮೈದುನನ ಜೊತೆ ಅಳಿಯ ಬಂದ. ತಲೆಗೆ ಪಟ್ಟಿ ಕಟ್ಟಿತ್ತು. ಅವನದು ರಾತ್ರಿ ಪಾಳಿ, ಅದಕ್ಕೇ ಉಳಿದಿದ್ದ. ಶಾಂತಾ ಮನೆಯೊಳಗಿದ್ದಳು. ಅವಳನ್ನು ಅಲ್ಲಿಯೇ ಮಣ್ಣು ಮಾಡಿಯಾಗಿತ್ತು. ಇಷ್ಟನ್ನೂ ಮೈದುನ ಹೇಳಿದ. ಅಳಿಯ ಹಿತ್ತಲ ಬಾಗಿಲಲ್ಲಿ ನಿಂತೇ ಇದ್ದ. ಹೆಂಗಸರು ಅತ್ತರು. ಕಾಕೂ ಅವನ ಹತ್ತಿರ ಹೋಗಿ ಒಂದೇ ಮಾತು ಕೇಳಿದರು.

"ಥಂಡಿ ಇತ್ತೇನ್ರಿ?"

ಅವನಿಗೆ ತಿಳಿಯಲಿಲ್ಲ. ಅವರು ಮತ್ತೆ ಕೇಳಿದರು, "ಆವತ್ತ, ಅಲ್ಲಿ, ಥಂಡಿ ಇತ್ತೇನು?"

"ಇತ್ತರಿ," ಎಂದ. "ಭಾಳ ಇತ್ತು. ಬಾಗಲಾ, ಕಿಡಕಿ ಎಲ್ಲಾ ಹಾಕ್ಕೊಂಡ ಮಲಗಿದ್ಲು."

ಕಾಕೂ ತಲೆಯಾಡಿಸಿದರು. ನಂತರ ಅವನಿಗೆ ಕೈಕಾಲಿಗೆ ನೀರು ಕೊಟ್ಟರು.

ಅವರನ್ನು ಯಾರೂ ದೂರಲಿಲ್ಲ. ಅಳಿಯನೂ ಇಲ್ಲ, ಮೈದುನನೂ ಇಲ್ಲ. ದೂರುವುದಕ್ಕೆ ಏನಿತ್ತು? ಥಂಡಿ ಬರುತ್ತದೆ ಎಂದಿದ್ದರು, ಬಂದಿತ್ತು. ನೆಲ ನಡುಗುವುದನ್ನು ಬಾಳೆಯ ಸುಳಿಯಲ್ಲಿ ಯಾರು ನೋಡಬಲ್ಲರು? ಈ ಮಾತನ್ನು ನಾನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಹಿತ್ತಲಿಗೆ ಹೋದೆ. ಅವರು ನನ್ನನ್ನು ನೋಡಿ, "ಬರ್ರಿ ಬಾಯಾರ, ಬಿಸಲಿಗೆ ಕುಂದರ್ರಿ," ಎನ್ನುತ್ತಿದ್ದರು. ನಾನು ಕೂಡುತ್ತಿದ್ದೆ. ಹೇಳುವುದು ಆಗುತ್ತಿರಲಿಲ್ಲ.

ಆ ವರ್ಷದ ಶಿವರಾತ್ರಿ ಬಂತು. ಮರುದಿನ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವರು ಎಂದಿನಂತೆ ಹಿತ್ತಲಿಗೆ ಇಳಿದರು. ಮಲ್ಲಿಗೆಯ ಮುಂದೆ ನಿಂತರು. ಕೈ ಹಿಂದೆಯೇ ಇತ್ತು. ಕರಿಬೇವು, ತುಳಸಿ, ಎಲ್ಲವನ್ನೂ ನೋಡಿ ಒಳಗೆ ಹೋದರು. ಆ ಬೇಸಿಗೆಯಲ್ಲಿ ಯಾರೂ ಸವರದ ಮಲ್ಲಿಗೆ ಗೋಡೆಯುದ್ದಕ್ಕೂ ಒಣಕಡ್ಡಿ, ಹಸಿಕಡ್ಡಿ ಒಂದಾಗಿ ಹಬ್ಬಿತು. ಹೂವು ಬಿಟ್ಟವು, ಸಣ್ಣವು. ನೀರು ಮಾತ್ರ ತಪ್ಪದೆ ಹಾಕುತ್ತಿದ್ದರು.

ಮುಂದಿನ ಮಾಗಿಯಲ್ಲಿ ದತ್ತೋಬಾ ಮರೆತು ಕೂಗಿಬಿಟ್ಟ: "ಕಾಯ್ ಕಾಕೂ, ಥಂಡೀ ಕೆವ್ಹಾ?" ಕೂಗಿದ ಮೇಲೆ ನೆನಪಾಗಿ ಹೊಲಿಗೆಯ ಯಂತ್ರದ ಮೇಲೆ ಬಗ್ಗಿದ.

"ಬಂದಾಗ ತಿಳೀತೈತೋ, ದತ್ತೋಬಾ," ಎಂದರು ಅವರು. ಸಿಟ್ಟಿರಲಿಲ್ಲ.

ಅಂದಿನಿಂದ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ದಿನ ಕೌದಿ ತೆಗೆದರು. ಗಂಗವ್ವ ಹಾಲಷ್ಟೇ ಹಾಕಿ ಹೋದಳು. ಆದರೆ ಅವರು ನೋಡುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಬಿಸಿಲು ಗೋಡೆ ದಾಟುವ ಹೊತ್ತಿಗೆ ಹಿತ್ತಲಲ್ಲಿ ಇದ್ದೇ ಇರುತ್ತಿದ್ದರು. ಬಾಳೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಅವರಿಗೆ ಕಾಣುತ್ತಿತ್ತು ಎಂಬುದು ನನಗೆ ಗೊತ್ತಾಗುತ್ತಿತ್ತು. ಅವರು ತಮ್ಮ ಕೌದಿಯನ್ನು ಬಿಸಿಲಿಗೆ ಹಾಕಿದ ಎರಡನೆಯ ದಿನವೋ ಮೂರನೆಯ ದಿನವೋ ಥಂಡಿ ಏರುತ್ತಿತ್ತು. ನಾನು ಅದನ್ನು ನೋಡಿ ನಮ್ಮದನ್ನೂ ಹಾಕುತ್ತಿದ್ದೆ.

ಹೋದ ದೀಪಾವಳಿಗೆ ನಮ್ಮ ಮನೆಯವರಿಗೆ ಕೊಲ್ಹಾಪುರಕ್ಕೆ ವರ್ಗವಾಯಿತು. ನಮ್ಮ ಮಗಳಿಗೆ ಆಗ ಇನ್ನೂ ನಡಿಗೆ ಬಂದಿರಲಿಲ್ಲ, ಮೇಲಾಗಿ ಕೆಮ್ಮು. ಈಗಲೇ ಹೋಗುವುದೋ ಸಂಕ್ರಾಂತಿ ಮುಗಿಸಿ ಹೋಗುವುದೋ ಎಂದು ಮನೆಯಲ್ಲಿ ಮಾತು ನಡೆದಿತ್ತು. ನಾನು ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಕೇಳಬಾರದೆಂದು ಗೊತ್ತಿತ್ತು. ಆದರೂ ಕೇಳಿದೆ.

"ಕಾಕೂ, ಬಾಳಿ ಏನ ಅಂತೈತ್ರಿ?"

ಅವರು ಬಾಳೆಯ ಕಡೆ ನೋಡಲಿಲ್ಲ. ಕೂಸನ್ನು ನೋಡಿದರು. ಅದರ ಕಾಲು ಹೊದಿಕೆಯ ಹೊರಗೆ ಬಂದಿತ್ತು. ಅವರ ಕೈ ಮುಂದೆ ಬಂದೀತೆಂದುಕೊಂಡೆ. ಬರಲಿಲ್ಲ.

"ಬಾಳಿ ಏನೂ ಅನ್ನೂದಿಲ್ರಿ, ಬಾಯಾರ," ಎಂದರು. "ಅನ್ನಾಕಿ ನಾನs ಇದ್ದೆ."

ಕೂಸನ್ನೇ ನೋಡುತ್ತ, "ನಿಮಗ ಯಾವಾಗ ಅನಸತೈತಿ, ಅವಾಗ ಹೋಗ್ರಿ," ಎಂದರು.

ನಾವು ಆಗಲೇ ಹೊರಟೆವು. ಬಸ್ಸಿನ ನಿಲ್ದಾಣಕ್ಕೆ ಅವರು ಬರಲಿಲ್ಲ. ಮನೆಯ ಹೊಸ್ತಿಲಲ್ಲಿ ನನ್ನ ಉಡಿ ತುಂಬಿಸಿದರು. ತುಂಬಿದವಳು ಗಂಗವ್ವ. ಅಕ್ಕಿ, ಕೊಬ್ಬರಿ, ಎಲೆಯಡಿಕೆ ಎಲ್ಲ ಅವರೇ ತಂದಿಟ್ಟಿದ್ದರು. ಕಡ್ಡಿ, ಬೇರು ಏನೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮೊನ್ನೆ ಗಂಗವ್ವ ಚಹಾದ ಬಟ್ಟಲು ಕೆಳಗಿಟ್ಟು ಉಳಿದದ್ದನ್ನು ಹೇಳಿದಳು. ಜಡ್ಡು ಏನೂ ಇರಲಿಲ್ಲವಂತೆ. ಬೆಳಿಗ್ಗೆ ಇವಳು ಹಾಲು ಹಾಕಲು ಹೋದಾಗ ಹಿತ್ತಲಲ್ಲೇ ಇದ್ದರಂತೆ.

"ಬಾಳೀ ಹಂತೇಕ ನಿಂತಿದ್ರು. ನಾ ಏನೂ ಕೇಳಲಿಲ್ರಿ, ನನ್ನ ಮಗಳಾಣಿ. ತಾವs ಅಂದ್ರು, 'ಗಂಗವ್ವ, ಸುಳಿ ಬಿಚ್ಚೈತಿ ನೋಡು. ನಾಳಿಂದ ಥಂಡಿ ಕಡಿಮಿ ಆಗತೈತಿ.' ನಾ ಗಾಬರಿ ಆದ್ನಿ. ಹೌದ್ರಿ ಕಾಕೂ ಅಂದ್ನಿ, ಬಂದ್ನಿ. ಊಟಾ ಮಾಡಿ ಮಲಕೊಂಡವರು ಏಳಲೇ ಇಲ್ಲ."

"ಯಾರಿಗರೆ ಹೇಳಿದೇನು, ಥಂಡೀದು?"

"ಯಾರಿಗೆ ಹೇಳಲ್ರಿ? ಹೇಳೂದ ಬಿಟ್ಟು ಎರಡ ವರ್ಷ ಆಗಿತ್ತು. ಸಂಜೀಕ ಹೇಳಬೇಕಂತ ಮಾಡಿದ್ನಿ. ಸಂಜೀಕ ಬ್ಯಾರೇ ಸುದ್ದಿ ಹೇಳೂದಾತು."

ಮರುದಿನ ಮಣ್ಣು ಮಾಡಿದರಂತೆ. ವಿಭೂತಿ, ಪತ್ರೆ ಎಲ್ಲ ಇಟ್ಟು, ಕೂಡಿಸಿ. ಪತ್ರೆಯೂ ಹೂವೂ ಅದೇ ಹಿತ್ತಲಿನವು. ಓಣಿಯವರೆಲ್ಲ ಕೂಡಿ ಕಿತ್ತರಂತೆ. ಸೇವಂತಿ ಒಂದೂ ಉಳಿಯಲಿಲ್ಲ ಎಂದಳು ಗಂಗವ್ವ.

"ಮತ್ತ, ಕಡಿಮಿ ಆತೇನು?" ಎಂದೆ.

"ಏನು?"

"ಥಂಡಿ. ಮರುದಿನ."

ಗಂಗವ್ವ ನೆನಪು ಮಾಡಿಕೊಳ್ಳಲು ನೋಡಿದಳು. ನಿಜವಾಗಿಯೂ ನೋಡಿದಳು. ಆಮೇಲೆ ಕೈಯಾಡಿಸಿದಳು. "ಯಾರಿಗೊತ್ರಿ, ಬಾಯಾರ. ನೆರಳಾಗ ನಿಂತಿದ್ವೋ ಬಿಸಲಾಗ ನಿಂತಿದ್ವೋ ಅದೂ ಖಬರಿಲ್ಲ."

ಅವಳು ಹೋದ ಮೇಲೆ ನಾನು ಕೂತು ಮಣ್ಣು ಮಾಡಿದ ಆ ದಿನವನ್ನು ಇಲ್ಲಿಂದ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದೆ. ಗಡಹಿಂಗ್ಲಜದಲ್ಲಿ ಥಂಡಿ ಇಳಿದರೆ ಕೊಲ್ಹಾಪುರದಲ್ಲೂ ಇಳಿಯುತ್ತದೆ. ಶಾಲೆಗೆ ಹೋಗಿದ್ದೆ. ಬಂದಿದ್ದೆ. ಮಗಳಿಗೆ ಉಣಿಸಿದ್ದೆ. ಕೌದಿ ಹೊದಿಸಿದೆನೋ, ತೆಗೆದೆನೋ. ಬೆಳಿಗ್ಗೆ ಮಂಜಿತ್ತೋ ಇಲ್ಲವೋ. ಮನೆಯವರನ್ನು ಕೇಳಿದೆ, ಅವರಿಗೂ ನೆನಪಿರಲಿಲ್ಲ. ನಮ್ಮ ಈ ಮನೆಯ ಹಿಂದೆಯೂ ಯಾರೋ ನೆಟ್ಟ ಒಂದು ಬಾಳೆ ಇದೆ. ಅಡಿಗೆಮನೆಯ ಕಿಟಕಿಯಿಂದ ಕಾಣುತ್ತದೆ. ಆ ದಿನ ಅದನ್ನು ನಾನು ನೋಡಿರಲಿಲ್ಲ.